ಕಿವಿಗಲ್ಲು

ಆದಿತ್ಯವಾರ ಸಂತೆಕಟ್ಟೆಯಲ್ಲಿ ಜನ ಮುತ್ತಿಕೊಂಡದ್ದು
ಬಂಗುಡೆಗಲ್ಲ, ಬೂತಾಯಿಗಲ್ಲ.
ಗುಲಾಬಿ ಮರಕಾಲ್ತಿಯ ಬುಟ್ಟಿಯಲ್ಲಿ ಸುರುಳಿ ಬಿದ್ದು
ಇನ್ನೂ ಉಸಿರೆಳೆಯುತ್ತಿದ್ದ ಒಂದು ಹಾವುಮೀನಿಗೆ.
ನನ್ನ ತೋಳಿನಷ್ಟು ದಪ್ಪ. ಎತ್ತಿ ಹಿಡಿದರೆ
ಅವಳ ಭುಜದಿಂದ ಇಳಿದು ಮೊಣಕಾಲು ದಾಟುತ್ತಿತ್ತು.
"ಹೊಳೆ ಸುಧಾರಿಸಿದೆ ಮಾರಾಯ್ರೆ," ಅಂದರು ಯಾರೋ,
"ಇಷ್ಟು ದೊಡ್ಡದು ನಮ್ಮ ಕಾಲದಲ್ಲಿ ಇರಲಿಲ್ಲ."

ಹೌದು, ಇರಲಿಲ್ಲ.
ನಮ್ಮ ಕಾಲದಲ್ಲಿ ಇದ್ದದ್ದು ಹೆಬ್ಬೆರಳ ದಪ್ಪದವು,
ತೋಡಿನಲ್ಲಿ, ಬದುವಿನ ಬಿಲದಲ್ಲಿ, ಕೆಸುವಿನ ಬುಡದಲ್ಲಿ;
ಮೊದಲ ನೆರೆಗೆ ಬೈರಾಸು ಒಡ್ಡಿದರೆ
ಬೈರಾಸೇ ನುಲಿದುಕೊಳ್ಳುತ್ತಿತ್ತು.
ಎಣಿಸುವ ಕ್ರಮವೇ ಇರಲಿಲ್ಲ.
ಅಜ್ಜನಂತೂ ನೀರಿಗಿಳಿದ ಮೇಲೆ ಅದರ ಹೆಸರೆತ್ತುತ್ತಿರಲಿಲ್ಲ,
"ಉದ್ದದವ" ಎನ್ನುತ್ತಿದ್ದ,
ಸಾಲ ಕೊಟ್ಟ ನೆಂಟನ ಹೆಸರು ತಪ್ಪಿಸಿದ ಹಾಗೆ.

ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಶಿಫಾನ
ಮೀನು ಬೇಡ, ತಲೆ ಸಾಕು ಎಂದಳು.
ಗುಲಾಬಿಗೆ ನಗು: ತಲೆಗೆ ಎಷ್ಟೂಂತ ರೇಟು ಹೇಳುವುದು ಮಗಾ?
ಕಿವಿಯೊಳಗೆ ಒಂದು ಕಲ್ಲಿರುತ್ತದಂತೆ,
ಕುಚ್ಚಲಕ್ಕಿಯ ನುಚ್ಚಿಗಿಂತ ಸಣ್ಣದು.
ತೇದು ಮಸೂರದ ಕೆಳಗಿಟ್ಟರೆ
ಹಲಸಿನ ಕೊರಡಿನ ಹಾಗೆ ಬಳೆ ಬಳೆ,
ವರ್ಷಕ್ಕೊಂದು.

"ಹದಿನೆಂಟು," ಎಂದಳು ಫೋನಿನಲ್ಲಿ.
ನಾನು ಆಗ ಸ್ವರ್ಣೆಯ ಕಿಂಡಿ ಅಣೆಕಟ್ಟಿನ ಮೇಲೆ
ಹಲಗೆ ಇಳಿಸುತ್ತಿದ್ದೆ.
ಎರಡು ಸಾಲು ಹಲಗೆ, ನಡುವೆ ಜೇಡಿಮಣ್ಣು,
ಮೆಟ್ಟಿ ಮೆಟ್ಟಿ ಇರುವೆಗೂ ದಾರಿ ಬಿಡಬಾರದು;
ಅದಕ್ಕೇ ನನಗೆ ಕೂಲಿ.
ಕಂಬದ ಸಿಮೆಂಟಿನಲ್ಲಿ ಕೊರೆದ ಇಸವಿಯನ್ನು
ಈ ಇಸವಿಯಿಂದ ಕಳೆದೆ.
ಹದಿನೇಳು.
ಅದು ಹತ್ತಿ ಹೋದ ಮೇಲೆ ಕದ ಹಾಕಿದವನು ನಾನೇ.

ಕಡಲಿನಲ್ಲಿ ಎಲ್ಲೋ ಹುಟ್ಟುತ್ತದೆ. ಎಲ್ಲಿ ಎಂದು
ಅವಳ ದಪ್ಪ ಪುಸ್ತಕವೂ ಸರಿಯಾಗಿ ಹೇಳುವುದಿಲ್ಲ.
ಬೆಂಗ್ರೆಯ ಅಳಿವೆ ದಾಟುವಾಗ ಬರೀ ಗಾಜಿನ ಎಳೆ,
ಕಣ್ಣಿನ ಜಾಗದಲ್ಲಿ ಎರಡು ಚುಕ್ಕಿ.
ಸಿಹಿನೀರು ಮೈಗೆ ಹತ್ತಿದ ಮೇಲೆ ಬಣ್ಣ,
ಆಮೇಲೆ ಹೊಟ್ಟೆ, ಆಮೇಲೆ ಹಟ.
"ಕಡಿಮೆ ಆದಷ್ಟೂ ಒಂದೊಂದೂ ದೊಡ್ಡದಾಗಬಹುದು ಮಾವ,
ಪಾಲಿಗೆ ಬರುವವರಿಲ್ಲವಲ್ಲ."
ಅವಳ ಪಟ್ಟಿಯಲ್ಲಿ ಆಚೆ ವರ್ಷ ಹತ್ತೊಂಬತ್ತು,
ಹೋದ ವರ್ಷ ಏಳು,
ಈ ವರ್ಷದ ಸಾಲಿನಲ್ಲಿ ಗುಲಾಬಿಯ ಬುಟ್ಟಿಯದ್ದು ಒಂದು.
ಉದ್ದದ ಅಂಕಣ ಮಾತ್ರ ಪ್ರತಿ ಸಲ ಹಿಂದಿನದ್ದನ್ನು ಮೀರಿದೆ.
ನೋಡಿದರೆ ಲಾಭದ ಲೆಕ್ಕವೇ ಅನ್ನಬೇಕು.

ಹಲಗೆ ಎತ್ತಿಬಿಡಲೇ?
ಎತ್ತಿದರೆ ಭರತದೊಡನೆ ಉಪ್ಪು ಏರುತ್ತದೆ,
ಲೊರೆತ್ ಬಾಯಿಯ ಬಾವಿ ಕೆಡುತ್ತದೆ.
"ಬೇಗ ಮುಚ್ಚಪ್ಪಾ," ಎನ್ನುತ್ತಾಳೆ ದೀಪಾವಳಿ ಕಳೆದದ್ದೇ,
"ಹಿಂದೆ ಕಣ್ಣೀರಿನ ರುಚಿಯ ಚಾ ಕುಡಿದವಳು ನಾನು."
ಅವಳದ್ದೂ ಸುಳ್ಳಲ್ಲ.

ಹಗ್ಗ ಇಳಿಬಿಟ್ಟರೆ ಮರಿಗಳು ಹತ್ತುತ್ತವಂತೆ,
ಒದ್ದೆ ಇದ್ದರೆ ಸಾಕಂತೆ.
ಇಲಾಖೆಗೆ ಬರೆದಿದ್ದಾಳೆ, ಉತ್ತರ ಬಂದಿಲ್ಲ.
ಅಜ್ಜನ ದೋಣಿಯ ಹಳೆಯ ಕತ್ತದ ಹಗ್ಗ
ಕೊಟ್ಟಿಗೆಯ ಅಟ್ಟದಲ್ಲಿತ್ತು,
ಇಲಿ ತಿಂದು ಉಳಿದದ್ದು ಹನ್ನೆರಡು ಮೊಳ.
ನೀರು ಜಿನುಗುವ ಮೂರನೇ ಕಿಂಡಿಗೆ ಕಟ್ಟಿ,
ತುದಿ ಬಿಚ್ಚಿ, ಜಡೆ ಬಿಡಿಸಿದ ಹಾಗೆ ಕೆಳಗೆ ಚೆಲ್ಲಿದೆ.

ಅಮಾವಾಸ್ಯೆಯ ಭರತಕ್ಕೆ ಟಾರ್ಚು ಹಿಡಿದು ಹೋದೆ.
ನಾರಿನ ನಡುವೆ ಏನೋ ಹೊಳೆಯಿತು.
ನಾರೇ ಇರಬಹುದು.
ಬಗ್ಗಿದೆ. ಮತ್ತೆ ಹೊಳೆಯಿತು, ಒಂದು ಗೇಣು ಮೇಲೆ.
ಕೂಗಿ ಕರೆಯಲು ಬಾಯಿ ತೆರೆದವನು
ಹೆಸರೆತ್ತದೆ ಮುಚ್ಚಿದೆ,
ಟಾರ್ಚು ಆರಿಸಿದೆ.

ಅಷ್ಟು ಹೊತ್ತಿನಲ್ಲಿ, ಆಚೆ ದಡದಲ್ಲಿ,
ಲೊರೆತ್ ಬಾಯಿಯ ಬಾವಿಯ ರಾಟೆ ಕಿರ್ರೆಂದಿತು.